ಆರಿಸಿದ ಎಂಜಿನ್ ದೀಪ ಮೂರನೆಯ ದಿನಕ್ಕೆ ಮತ್ತೆ ಹತ್ತಿದೆ: ಮನೆಯಲ್ಲೇ ಕೋಡ್ ಓದಬಹುದೇ?

ಬಟವಾಡಿಯವ (ತುಮಕೂರು):

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಪೆಟ್ರೋಲ್ ಕಾರು, ಈವರೆಗೆ 72 ಸಾವಿರ ಕಿಲೋಮೀಟರ್ ಓಡಿದೆ. ದೀಪಾವಳಿಗೆಂದು ತಿಪಟೂರಿನ ಕಡೆಯ ನಮ್ಮೂರಿಗೆ ಹೋಗಿ, ಅಲ್ಲಿ ನಾಲ್ಕು ದಿನ ತೆಂಗಿನಕಾಯಿ ಹಾಕುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸಿದ್ದು, ಹಿಂತಿರುಗಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಎಳೆತ ಕಡಿಮೆಯಾಗಿಲ್ಲ, ಸದ್ದೂ ಬದಲಾಗಿಲ್ಲ; ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವ ಮೂರು ಕಿಲೋಮೀಟರಿನ ಓಡಾಟದಲ್ಲಿ ಪೆಟ್ರೋಲ್ ತುಸು ಹೆಚ್ಚು ಹೋಗುತ್ತಿದೆಯೇನೋ ಎಂಬ ಅನುಮಾನ ಮಾತ್ರ ಇದೆ.

ಇಲ್ಲಿನ ಒಂದು ಗ್ಯಾರೇಜಿನವರು ಸ್ಕ್ಯಾನರ್ ಜೋಡಿಸಿ ಎರಡು ನಿಮಿಷದಲ್ಲಿ ದೀಪ ಆರಿಸಿ ಐನೂರು ರೂಪಾಯಿ ಪಡೆದರು. ಯಾವ ಕೋಡ್ (ದೋಷ ಸೂಚಿಸುವ ಸಂಖ್ಯೆ) ಬಂದಿತ್ತು ಎಂದು ಕೇಳಿದ್ದಕ್ಕೆ, ‘ಸೆನ್ಸರ್ ಪ್ರಾಬ್ಲಂ ಸಾರ್, ಕ್ಲಿಯರ್ ಮಾಡಿದೀನಿ’ ಎಂಬಷ್ಟೇ ಉತ್ತರ ಸಿಕ್ಕಿತು. ಮೂರನೆಯ ದಿನ ಕ್ಯಾತ್ಸಂದ್ರ ದಾಟುವಷ್ಟರಲ್ಲಿ ದೀಪ ಮತ್ತೆ ಹತ್ತಿತು. ಈಗ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರನ್ನೇ ಬದಲಿಸಬೇಕು, ಏಳು ಸಾವಿರ ಆಗುತ್ತದೆ ಎನ್ನುತ್ತಿದ್ದಾರೆ. ಅಷ್ಟು ಹಣ ಕೊಡುವ ಮೊದಲು ಕೋಡನ್ನು ನಾನೇ ಒಮ್ಮೆ ನೋಡಬೇಕೆಂದಿದ್ದೇನೆ. ಯಾವ ಉಪಕರಣ ಕೊಳ್ಳಲಿ, ಅಳಿಸುವುದರಿಂದ ಗಾಡಿಗೆ ತೊಂದರೆಯುಂಟೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಪಾನ 10-12 (ಕೋಲಾರ):

ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಓಬಿಡಿ-2 (ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ರೂಪದಲ್ಲಿ ಇಡುವ ವ್ಯವಸ್ಥೆ) ಕಡ್ಡಾಯವಾಗಿರುವುದರಿಂದ ತಮ್ಮ ಗಾಡಿಯ ಕೋಡನ್ನು ಸಾಮಾನ್ಯ ಬ್ಲೂಟೂತ್ ಅಡಾಪ್ಟರ್ ಓದಬಲ್ಲದು. ಸ್ಟೀರಿಂಗಿನ ಕೆಳಗೆ, ಪೆಡಲುಗಳ ಮೇಲ್ಭಾಗದಲ್ಲಿ ಕೈಯಾಡಿಸಿದರೆ 16 ಪಿನ್ನಿನ, ಒಂದು ಬದಿ ಅಗಲವಾಗಿ ಇನ್ನೊಂದು ಬದಿ ಕಿರಿದಾಗಿರುವ ಸಾಕೆಟ್ ಸಿಗುತ್ತದೆ. ಅಡಾಪ್ಟರನ್ನು ಅದಕ್ಕೆ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಫೋನಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ತೆರೆದರೆ ಆಯಿತು. ಅಡಾಪ್ಟರುಗಳಲ್ಲಿ ಹೆಚ್ಚಿನವು ಇಎಲ್‌ಎಂ 327 ಚಿಪ್ಪಿನ ನಕಲುಗಳೇ. ಡಬ್ಬಿಯ ಮೇಲೆ 1.5 ಎಂದು ಬರೆದಿರುತ್ತಾರೆ, ಆದರೆ ಮೂಲ ಕಂಪನಿ ಆ ಸಂಖ್ಯೆಯ ಆವೃತ್ತಿಯನ್ನು ಹೊರತಂದೇ ಇರಲಿಲ್ಲ. ಹಾಗಿದ್ದರೂ ಕೆಲಸಕ್ಕೆ ಅಡ್ಡಿಯಿಲ್ಲ. ಕೊಂಡ ದಿನವೇ ಜೋಡಿಸಿ ನೋಡಿ, ಸಂಪರ್ಕ ಸಿಗದಿದ್ದರೆ ಹಿಂತಿರುಗಿಸಿಬಿಡಿ. ತಮ್ಮದು ಐಫೋನ್ ಆಗಿದ್ದರೆ ಹಳೆಯ ಬಗೆಯ ಬ್ಲೂಟೂತ್ ಅಡಾಪ್ಟರ್ ಹೊಂದುವುದಿಲ್ಲ, ವೈಫೈ ಇರುವುದನ್ನು ಕೊಳ್ಳಿ.

ಅಳಿಸುವ ಗುಂಡಿಯನ್ನು ಮಾತ್ರ ಸದ್ಯಕ್ಕೆ ಮುಟ್ಟಬೇಡಿ. ದೋಷ ಕಂಡ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ಆರ್‌ಪಿಎಂನಲ್ಲಿತ್ತು, ಗಾಡಿ ಯಾವ ವೇಗದಲ್ಲಿತ್ತು ಎಂಬುದನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಫ್ರೀಜ್ ಫ್ರೇಮ್ ಎಂಬ ಹೆಸರಿನಲ್ಲಿ ಕಾಪಿಟ್ಟಿರುತ್ತದೆ. ಕೋಡ್ ಅಳಿಸಿದರೆ ಅದೂ, ಇಂಧನದ ಹದದ ಬಗ್ಗೆ ಇಸಿಯು ಕಲಿತುಕೊಂಡಿದ್ದ ಲೆಕ್ಕವೂ ಒಟ್ಟಿಗೇ ಹೋಗುತ್ತವೆ. ಗಾಡಿಗೆ ಹಾನಿಯೇನಿಲ್ಲ, ಆದರೆ ದೋಷ ಹುಡುಕಲು ಕೈಯಲ್ಲಿದ್ದ ಸುಳಿವು ಕಳೆದುಹೋಗುತ್ತದೆ. ಗ್ಯಾರೇಜಿನವರು ಮೊದಲ ದಿನ ಮಾಡಿದ ತಪ್ಪು ಇದೇ ಎಂಬುದು ನನ್ನ ಅಭಿಪ್ರಾಯ. ದೀಪ ಮೂರನೆಯ ದಿನ ಬಂದದ್ದರಲ್ಲಿಯೂ ಆಶ್ಚರ್ಯವಿಲ್ಲ. ಹೆಚ್ಚಿನ ದೋಷಗಳನ್ನು ಇಸಿಯು ಮೊದಲ ಓಡಾಟದಲ್ಲಿ ಕಂಡರೆ ಪೆಂಡಿಂಗ್ ಎಂದು ಗುರುತಿಟ್ಟುಕೊಳ್ಳುತ್ತದೆ, ಮುಂದಿನ ಓಡಾಟದಲ್ಲಿಯೂ ಅದೇ ಕಂಡಾಗ ದೀಪ ಹೊತ್ತಿಸುತ್ತದೆ. ಕೋಡ್ ಓದಿ ಸಂಖ್ಯೆಯನ್ನು ಇಲ್ಲಿ ಬರೆಯಿರಿ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ):

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ದೀಪ ಒಂದೇ ಸಮನೆ ಉರಿಯುತ್ತಿದ್ದರೆ ಮನೆಗೆ ತಲುಪಿ ನೋಡಬಹುದು, ಮಿನುಗುತ್ತಿದ್ದರೆ ಮಾತ್ರ ಗಾಡಿಯನ್ನು ಬದಿಗೆ ನಿಲ್ಲಿಸಲೇಬೇಕು. ಮಿಸ್‌ಫೈರ್ ಆಗಿ ಸುಡದೆ ಉಳಿದ ಪೆಟ್ರೋಲ್ ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದರೆ ಅದು ಹಾಳಾಗುತ್ತದೆ, ಅದರ ಬೆಲೆಯ ಮುಂದೆ ಸೆನ್ಸರಿನ ಬೆಲೆ ಏನೂ ಅಲ್ಲ. ಎರಡನೆಯದಾಗಿ, ಕೆಲಸ ಮುಗಿದ ಮೇಲೆ ಅಡಾಪ್ಟರನ್ನು ಕಿತ್ತಿಡಿ. ಆ ಸಾಕೆಟ್ಟಿಗೆ ಕೀಲಿ ತೆಗೆದ ಮೇಲೂ ಬ್ಯಾಟರಿಯಿಂದ ಕರೆಂಟ್ ಇರುತ್ತದೆ. ಹತ್ತು ದಿನ ಮರೆತು ಬಿಟ್ಟಿದ್ದ ನಾನು ಕೊನೆಗೆ ಪಕ್ಕದ ಮನೆಯವರನ್ನು ಕರೆದು ಗಾಡಿ ತಳ್ಳಿಸಬೇಕಾಯಿತು.

ಬಟವಾಡಿಯವ:

ತಮ್ಮಿಬ್ಬರಿಗೂ ವಂದನೆಗಳು. ಅಡಾಪ್ಟರ್ ನಿನ್ನೆ ಬಂತು. ಬಂದಿರುವುದು ಒಂದೇ ಕೋಡ್, ಪಿ 0135. ಆ್ಯಪ್ ಅದನ್ನು ‘ಆಕ್ಸಿಜನ್ ಸೆನ್ಸರ್ ಹೀಟರ್ ಸರ್ಕ್ಯೂಟ್, ಬ್ಯಾಂಕ್ 1, ಸೆನ್ಸರ್ 1’ ಎಂದು ತೋರಿಸುತ್ತಿದೆ. ಹಾಗಾದರೆ ಗ್ಯಾರೇಜಿನವರು ಹೇಳಿದ್ದು ಸರಿಯೇ ಇತ್ತಲ್ಲವೇ?

ಪಾನ 10-12:

ಅರ್ಧ ಸರಿ. ಅಲ್ಲಿ ಬರೆದಿರುವ ಸರ್ಕ್ಯೂಟ್ ಎಂಬ ಪದವನ್ನು ಅವರು ಓದಿಲ್ಲ. ಸೆನ್ಸರ್ 1 ಎಂದರೆ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲು ಬರುವ ಆಕ್ಸಿಜನ್ ಸೆನ್ಸರ್. ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲವಾದ್ದರಿಂದ ಅದನ್ನು ಬೇಗ ಕಾಯಿಸಲು ಒಳಗೊಂದು ಪುಟ್ಟ ಹೀಟರ್ ಇಟ್ಟಿರುತ್ತಾರೆ. ಹೀಟರ್ ಕೆಲಸ ಮಾಡದಿದ್ದರೆ ಹೊಗೆಯ ಬಿಸಿಯಿಂದಲೇ ಸೆನ್ಸರ್ ಕಾಯಬೇಕು. ಅಲ್ಲಿಯವರೆಗೆ ಇಸಿಯು ಸೆನ್ಸರಿನ ಮಾತು ಕೇಳದೆ ತನ್ನ ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತದೆ. ಬೆಳಗಿನ ಮೂರು ಕಿಲೋಮೀಟರಿನಲ್ಲಿ ಮಾತ್ರ ತಮಗೆ ವ್ಯತ್ಯಾಸ ಕಂಡದ್ದು ಅದಕ್ಕೇ ಇರಬೇಕು.

ಈ ಕೋಡ್ ಬರಲು ಹೀಟರೇ ಸುಟ್ಟಿರಬೇಕೆಂದಿಲ್ಲ. ಫ್ಯೂಸ್ ಹೋಗಿದ್ದರೂ, ಕನೆಕ್ಟರ್ ಸಡಿಲವಾಗಿದ್ದರೂ, ತಂತಿ ತುಂಡಾಗಿದ್ದರೂ ಇದೇ ಸಂಖ್ಯೆ ಬರುತ್ತದೆ. ಮೊದಲು ಫ್ಯೂಸ್ ನೋಡಿ. ಆಮೇಲೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಅದರ ನಾಲ್ಕು ತಂತಿಗಳಲ್ಲಿ ಒಂದೇ ಬಣ್ಣದ ಎರಡಕ್ಕೆ ಮಲ್ಟಿಮೀಟರ್ ಹಿಡಿಯಿರಿ. ಸಾಮಾನ್ಯವಾಗಿ ಹೀಟರಿನವು ಅವೇ. 20 ಓಮ್‌ಗಿಂತ ಕಡಿಮೆ ಬಂದರೆ ಹೀಟರ್ ಸುಟ್ಟಿಲ್ಲವೆಂದೇ ಲೆಕ್ಕ. ಮೀಟರ್ ಅಲುಗಾಡದೇ ಇದ್ದರೆ ಸೆನ್ಸರ್ ಬದಲಿಸಲೇಬೇಕು. ಗಾಡಿಯನ್ನು ನಾಲ್ಕು ದಿನ ತೆಂಗಿನಕಾಯಿ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದೆವೆಂದು ಬರೆದಿದ್ದೀರಿ. ಕಾಯಿ ಇದ್ದಲ್ಲಿ ಇಲಿ ಇರುತ್ತದೆ. ಕನೆಕ್ಟರಿನಿಂದ ಹಿಂದಕ್ಕೆ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಟಾರ್ಚ್ ಬಿಟ್ಟು ನೋಡಿಕೊಂಡು ಹೋಗಿ.

ಬಟವಾಡಿಯವ:

ಭಾನುವಾರ ನೋಡಿದೆ. ಫ್ಯೂಸ್ ಚೆನ್ನಾಗಿತ್ತು, ಹೀಟರಿಗೆ ಮೀಟರ್ ಹಿಡಿದಾಗ 6 ಓಮ್ ಬಂತು. ಕನೆಕ್ಟರಿನಿಂದ ಒಂದು ಗೇಣು ಹಿಂದೆ, ತಂತಿಗಳ ಕಟ್ಟು ಬಾಗುವ ಮೂಲೆಯಲ್ಲಿ, ಕಪ್ಪು ಹೊದಿಕೆ ಪುಡಿಪುಡಿಯಾಗಿ, ಒಂದು ತಂತಿ ಪೂರ್ತಿ ತುಂಡಾಗಿ ಇನ್ನೊಂದರ ತಾಮ್ರ ಹೊರಗೆ ಕಾಣುತ್ತಿತ್ತು. ಅಲ್ಲಿಯೇ ಕೆಳಗೆ ತೆಂಗಿನ ನಾರು ಮುದ್ದೆಯಾಗಿ ಬಿದ್ದಿತ್ತು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಬ್ಯಾಟರಿ ಬಿಚ್ಚದೆ, ಕೀಲಿ ತೆಗೆದು, ಎರಡೂ ತಂತಿಗಳಿಗೆ ಬೆಸುಗೆ ಹಾಕಿ, ಸ್ಲೀವ್ ಏರಿಸಿ ಕಾಯಿಸಿ ಕೊಟ್ಟರು, ಇನ್ನೂರೈವತ್ತು ರೂಪಾಯಿ ಆಯಿತು.

ಕೋಡನ್ನು ನಾನು ಅಳಿಸಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಶಾಲೆಗೆ ಹೊರಟಾಗ ದೀಪ ತಾನಾಗಿಯೇ ಆರಿತ್ತು. ಸಂಖ್ಯೆ ಮಾತ್ರ ನೆನಪಿನಲ್ಲಿ ಇನ್ನೂ ತೋರಿಸುತ್ತಿದೆ, ಅದು ಸರಿಯೇ?

ಪಾನ 10-12:

ಸರಿಯೇ. ಸತತ ಮೂರು ಓಡಾಟದಲ್ಲಿ ದೋಷ ಕಾಣದಿದ್ದರೆ ದೀಪ ಆರುತ್ತದೆ. ಸಂಖ್ಯೆ ಅಳಿಯಲು ಎಂಜಿನ್ ಸಾಮಾನ್ಯವಾಗಿ 40 ಸಲ ತಣ್ಣಗಾಗಿ ಮತ್ತೆ ಬಿಸಿಯಾಗಬೇಕು. ಬೇಕಿದ್ದರೆ ಈಗ ಅಳಿಸಬಹುದು, ಅಳಿಸುವ ಮೊದಲು ಫ್ರೀಜ್ ಫ್ರೇಮಿನ ಪರದೆಯ ಚಿತ್ರವೊಂದನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಸಂಕ್ರಾಂತಿಗೆ ಊರಿಗೆ ಹೋದಾಗ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ.