ಸಹಾಯ ಬೇಕು: ಇಸ್ತಾಂಬುಲ್‌ನಲ್ಲಿ ಅಮ್ಮನಿಗೆ ಏನು ಆರ್ಡರ್ ಮಾಡಲಿ?

ನಮಸ್ಕಾರ. ಅಮ್ಮನನ್ನು ಕರೆದುಕೊಂಡು ಇಸ್ತಾಂಬುಲ್‌ಗೆ ಬಂದಿದ್ದೇನೆ. ಅವರು ಪಕ್ಕಾ ಸಸ್ಯಾಹಾರಿ. ಬೆಳಗಿನ ತಿಂಡಿಗೆ ಚಿಂತೆಯಿಲ್ಲ, ಸಿಮಿತ್ (ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್), ಆಲಿವ್, ಟೊಮೆಟೊ, ಜೇನುತುಪ್ಪ ಎಲ್ಲಾ ಸಿಗುತ್ತದೆ. ಪೇಚಾಟ ಶುರುವಾಗೋದು ಮಧ್ಯಾಹ್ನದ ಊಟಕ್ಕೆ.

ಮೆರ್ಜಿಮೆಕ್ ಅನ್ನುವ ಮಸೂರ್ ಬೇಳೆ ಸೂಪು ನೋಡಲು ನಮ್ಮ ತೊವ್ವೆ ತರಾನೇ ಇದೆ. ಆದರೆ ಎಷ್ಟೋ ಕಡೆ ಅದನ್ನು ಮಾಂಸ ಬೇಯಿಸಿದ ನೀರಿನಲ್ಲೇ ಮಾಡುತ್ತಾರೆ. ಪಿಲಾವ್ ಅನ್ನುವ ಅನ್ನಕ್ಕೂ ಕೋಳಿ ಸ್ಟಾಕ್, ಅಂದರೆ ಕೋಳಿ ಬೇಯಿಸಿದ ನೀರು, ಹಾಕುವುದುಂಟು. ಫೋನಿನಲ್ಲಿ ಅನುವಾದ ಮಾಡಿ ತೋರಿಸಿದರೆ ಸಪ್ಲೈಯರ್ ನಗುತ್ತಾ "ಮಾಂಸ ಇಲ್ಲ" ಅನ್ನುತ್ತಾನೆ. ತುಂಡು ಮಾತ್ರ ಇಲ್ಲವೋ, ಆ ನೀರೂ ಇಲ್ಲವೋ, ಅದೇ ಗೊತ್ತಾಗುತ್ತಿಲ್ಲ. ಅಂಗಡಿಗಳಲ್ಲಿ ಸಿಗುವ ಚಿಗ್ ಕೋಫ್ತೆ ಬಲ್ಗರ್ ಗೋಧಿಯದು, ಮಾಂಸ ಇಲ್ಲ. ಅದನ್ನು ಕೊಡಿಸಿದೆ. ಚೆನ್ನಾಗಿದೆ, ಆದರೆ ಖಾರ ಜಾಸ್ತಿ. ದಿನಾ ಅದನ್ನೇ ತಿನ್ನಿ ಅಂದರೆ ಅಮ್ಮ ಸುಮ್ನೆ ಇರ್ತಾರಾ?

ಲೋಕಾಂತಾ ಅನ್ನುವ ಇಲ್ಲಿನ ಸಾದಾ ಊಟದ ಹೋಟೆಲ್‌ಗಳಲ್ಲಿ ಗಾಜಿನ ಹಿಂದೆ ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಇಟ್ಟಿರುವ ಬೀನ್ಸ್, ಪಲ್ಲೆಹೂವು (ಆರ್ಟಿಚೋಕ್) ಕಾಣುತ್ತವೆ. ಝೆಯ್ತಿನ್‌ಯಾಲಿ ಅನ್ನುತ್ತಾರಲ್ಲ, ಅವು.

ಇಲ್ಲಿ ಇರುವವರು ಹೇಳಿ: ಅವನ್ನು ನಂಬಿ ತಿನ್ನಬಹುದಾ, ಅಥವಾ ಅದರಲ್ಲೂ ಸ್ಟಾಕ್ ಇರುತ್ತದಾ? "ಇದಕ್ಕೆ ಮಾಂಸದ ನೀರು ಹಾಕಿದ್ದೀರಾ?" ಅಂತ ಟರ್ಕಿಶ್‌ನಲ್ಲಿ ಕೇಳೋದು ಹೇಗೆ? ಕನ್ನಡ ಲಿಪಿಯಲ್ಲೇ ಬರೆದುಕೊಡಿ, ಓದಿ ಹೇಳುತ್ತೇನೆ.