ತರಂಗಂಬಾಡಿಯ ಹಳೆ ಕಟ್ಟಡಗಳು ಇಷ್ಟು ಕಾಲ ಉಳಿದದ್ದು ಹೇಗೆ?

ಹಳೇಬೀದಿ:
ತಮಿಳುನಾಡಿನ ತರಂಗಂಬಾಡಿ ಬಗ್ಗೆ ತಿಳಿದವರು ಸ್ವಲ್ಪ ಹೇಳಿ. ಕಾರೈಕಾಲಿನಿಂದ ಉತ್ತರಕ್ಕೆ, ಕಡಲಿಗೆ ಅಂಟಿಕೊಂಡಿರುವ ಸಣ್ಣ ಮೀನುಗಾರರ ಊರು. ಫೋಟೋಗಳಲ್ಲಿ ನೋಡಿದರೆ ಒಂದು ಬಿಳಿ ಹೆಬ್ಬಾಗಿಲು, ಅದರಿಂದ ಒಳಗೆ ನೇರವಾದ ಬೀದಿ, ಬೀದಿಯಲ್ಲಿ ಎರಡು ಹಳೆ ಚರ್ಚು, ಕಂಬಗಳಿರುವ ಬಂಗಲೆಗಳು, ಕೊನೆಗೆ ಬಯಲು, ಪಕ್ಕದಲ್ಲಿ ಕೋಟೆ. ಡೇನಿಷರು ಕಟ್ಟಿದ್ದು ಅಂತ ಗೊತ್ತು. ಅವರು ಬಿಟ್ಟು ಹೋಗಿ ಎಷ್ಟೋ ಕಾಲವಾಯಿತು, ಉಪ್ಪುಗಾಳಿ, ಚಂಡಮಾರುತ, 2004ರ ಸುನಾಮಿ ಎಲ್ಲ ಬಂದು ಹೋದವು, ಆದರೂ ಇಷ್ಟೊಂದು ಉಳಿದಿದೆ. ಯಾರಾದರೂ ಮೊದಲಿನಿಂದ ಕಾಪಾಡಿಕೊಂಡು ಬಂದರಾ, ಇಲ್ಲ ಸುಮ್ನೆ ಅದೃಷ್ಟವಾ?

ಗಾಳಿಗೋಪುರ:
ಅದೃಷ್ಟ ಅನ್ನುವುದಕ್ಕಿಂತ ಬಡತನ ಅನ್ನಿ. ಆ ಊರು ಶ್ರೀಮಂತವಾಗಿ ಉಳಿದಿದ್ದರೆ ಇವತ್ತು ನಮಗೆ ನೋಡಲು ಏನೂ ಸಿಗುತ್ತಿರಲಿಲ್ಲ.

ಕಥೆ ಶುರುವಾಗುವುದು 1620ರಲ್ಲಿ. ತಂಜಾವೂರಿನ ರಘುನಾಥ ನಾಯಕನ ಜೊತೆ ಒಪ್ಪಂದ ಮಾಡಿಕೊಂಡು ಡೇನಿಷರು ಅಲ್ಲಿ ಕೋಟೆ ಕಟ್ಟಿದರು. ಅದೇ ಡಾನ್ಸ್‌ಬೋರ್ಗ್. ನಡುವೆ ಅವರ ವ್ಯಾಪಾರಿ ಸಂಸ್ಥೆ, ಡೇನಿಷ್ ಈಸ್ಟ್ ಇಂಡಿಯಾ ಕಂಪನಿ, ಮುಳುಗಿತು, ಮತ್ತೆ ಎದ್ದಿತು. ನಿಜವಾಗಿ ದುಡ್ಡು ಬಂದಿದ್ದು 18ನೇ ಶತಮಾನದ ಕೊನೆಯ ಭಾಗದಲ್ಲಿ. ಇಂಗ್ಲಿಷರೂ ಫ್ರೆಂಚರೂ ಹೊಡೆದಾಡುತ್ತಿದ್ದಾಗ ಡೆನ್ಮಾರ್ಕ್ ಯಾರ ಕಡೆಗೂ ಇಲ್ಲ ಎಂದು ಕೂತಿತ್ತು, ಅದರ ಬಾವುಟದ ಹಡಗುಗಳಲ್ಲಿ ಸರಕು ಸಾಗಿಸುವುದು ಎಲ್ಲರಿಗೂ ಅನುಕೂಲವಾಗಿತ್ತು. ನೀವು ಹೇಳಿದ ಆ ಬಿಳಿ ಹೆಬ್ಬಾಗಿಲು ಈಗಿನ ರೂಪಕ್ಕೆ ಬಂದಿದ್ದು 1792ರಲ್ಲಿ, ಅಂದರೆ ಅದೇ ಒಳ್ಳೆಯ ಕಾಲದಲ್ಲಿ. ಆಮೇಲೆ 1808ರಲ್ಲಿ ಬ್ರಿಟಿಷರು ಊರನ್ನು ಹಿಡಿದುಕೊಂಡರು, 1815ರಲ್ಲಿ ಬಿಟ್ಟುಕೊಟ್ಟರು. ಅಷ್ಟರಲ್ಲಿ ವ್ಯಾಪಾರ ಸತ್ತಿತ್ತು. 1845ರಲ್ಲಿ ಡೇನಿಷರು ತರಂಗಂಬಾಡಿ, ಬಂಗಾಳದಲ್ಲಿದ್ದ ತಮ್ಮ ಇನ್ನೊಂದು ನೆಲೆ ಸೆರಾಂಪುರ ಎರಡನ್ನೂ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಬ್ರಿಟಿಷರಿಗೆ ಮಾರಿಬಿಟ್ಟರು.

ಸ್ವಲ್ಪ ಕಾಲ ಕಲೆಕ್ಟರ್ ಅಲ್ಲಿದ್ದರು. 1860ರ ದಶಕದ ಹೊತ್ತಿಗೆ ರೈಲು ನಾಗಪಟ್ಟಿಣಕ್ಕೆ ಬಂತು, ಹಡಗುಗಳೂ ಅಲ್ಲಿಗೇ ಹೋದವು. ಬಂದರು ಹೋದ ಊರಲ್ಲಿ ಮೀನುಗಾರರು ಉಳಿದರು, ಚರ್ಚಿನವರು ಉಳಿದರು, ಅಷ್ಟೇ. ಕೆಡವಿ ಹೊಸದು ಕಟ್ಟಲೂ ದುಡ್ಡು ಬೇಕಲ್ವಾ? ದುಡ್ಡು ಓಡಾಡಿದ ನಾಗಪಟ್ಟಿಣದಲ್ಲಿ ಹೋಗಿ ಡಚ್ಚರ ಕೋಟೆಯ ಕುರುಹು ಹುಡುಕಿ ನೋಡಿ, ಆಗ ನಾನು ಹೇಳಿದ್ದು ಗೊತ್ತಾಗುತ್ತದೆ.

ಸುಣ್ಣಗಾರೆ:
ಮೇಲಿನವರು ಹೇಳಿದ್ದು ಅರ್ಧ ಸರಿ. ಬಡತನದಿಂದ ಯಾರೂ ಕೆಡವಲಿಲ್ಲ, ಒಪ್ಪುತ್ತೇನೆ. ಆದರೆ ಕಡಲ ಪಕ್ಕದಲ್ಲಿ ಕಟ್ಟಡವನ್ನು ಯಾರೂ ಕೆಡವಬೇಕಿಲ್ಲ, ಬಿಟ್ಟರೆ ತಾನೇ ಬೀಳುತ್ತದೆ. ಒಂದು ಮಳೆಗಾಲ ಚಾವಣಿಯಲ್ಲಿ ಆಲದ ಸಸಿ ಬೇರು ಬಿಟ್ಟರೆ ಸಾಕು. ಅಲ್ಲಿ ಉಳಿದಿರುವುದನ್ನು ಒಂದೊಂದಾಗಿ ನೋಡಿ, ಹೆಚ್ಚಿನವನ್ನು ಜನ ಬಳಸುತ್ತಲೇ ಇದ್ದರು. ಜಿಯಾನ್ ಚರ್ಚು 1701ರದು, ನ್ಯೂ ಜೆರುಸಲೇಮ್ ಚರ್ಚು 1718ರದು. ಎರಡರಲ್ಲೂ ಈಗಲೂ ಪ್ರಾರ್ಥನೆ ನಡೆಯುತ್ತದೆ, ಹಾಗಾಗಿ ಸುಣ್ಣ ಬಳಿಯುವವರು, ಹೆಂಚು ಬದಲಿಸುವವರು ಇದ್ದೇ ಇದ್ದರು. ಎರಡನೆಯದನ್ನು ಕಟ್ಟಿಸಿದ ಜೀಗನ್‌ಬಾಲ್ಗ್ 1706ರಲ್ಲಿ ಬಂದ ಜರ್ಮನ್ ಪಾದ್ರಿ. ತಮಿಳು ಕಲಿತು, ಅಲ್ಲೇ ಅಚ್ಚುಕೂಟ ಹಾಕಿ, ತಮಿಳಿನಲ್ಲಿ ಬೈಬಲಿನ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದವನು. 1719ರಲ್ಲಿ ಸತ್ತಾಗ ಅವನಿಗೆ ಇನ್ನೂ 36, ಸಮಾಧಿಯೂ ಆ ಚರ್ಚಿನ ಒಳಗೇ ಇದೆ. ಕೋಟೆಯೂ ಖಾಲಿ ಬಿದ್ದಿರಲಿಲ್ಲ. ಸೈನ್ಯ ಹೋದ ಮೇಲೆ ಅದು ಪ್ರವಾಸಿ ಬಂಗಲೆ ಆಯಿತು, 1970ರ ದಶಕದ ಕೊನೆಯಲ್ಲಿ ರಾಜ್ಯ ಪುರಾತತ್ವ ಇಲಾಖೆ ತೆಗೆದುಕೊಂಡು ಮ್ಯೂಸಿಯಂ ಮಾಡಿತು.

ಇನ್ನು ಗಾರೆ ವಿಷಯ. ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಗೋಡೆಗಳೆಲ್ಲ ಇಟ್ಟಿಗೆ ಮತ್ತು ಸುಣ್ಣದ ಗಾರೆ. ಕಡಲ ತೀರದಲ್ಲಿ ಗೋಡೆ ಕೆಳಗಿನಿಂದ ಉಪ್ಪುನೀರು ಹೀರುತ್ತಲೇ ಇರುತ್ತದೆ, ತಡೆಯುವುದು ಕಷ್ಟ. ಸುಣ್ಣದ ಗಿಲಾವಿನಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ನೀರು ಅದರ ಮೂಲಕ ಹೊರಗೆ ಬಂದು ಆರುತ್ತದೆ, ಉಪ್ಪು ಗಿಲಾವಿನಲ್ಲೇ ಹರಳಾಗಿ ನಿಲ್ಲುತ್ತದೆ. ಗಿಲಾವು ಪುಡಿ ಉದುರುತ್ತದೆ, ಉದುರಲಿ ಬಿಡಿ, ಕೆಲವು ವರ್ಷಕ್ಕೊಮ್ಮೆ ಕೆರೆದು ಹೊಸದು ಹಚ್ಚಿದರೆ ಆಯಿತು. ಒಳಗಿನ ಇಟ್ಟಿಗೆಗೆ ಏನೂ ಆಗಿರುವುದಿಲ್ಲ. ಅದರ ಮೇಲೆ ಗಟ್ಟಿ ಎಂದುಕೊಂಡು ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ, ಉಪ್ಪು ಸಿಮೆಂಟಿನ ಹಿಂದೆ ಇಟ್ಟಿಗೆಯಲ್ಲೇ ಹರಳುಗಟ್ಟಿ ಅದನ್ನು ಹಿಟ್ಟು ಮಾಡುತ್ತದೆ. ಹೊರಗಿನಿಂದ ಗೋಡೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಹಳೆ ಕಟ್ಟಡಕ್ಕೆ ಚಂಡಮಾರುತಕ್ಕಿಂತ ಸಿಮೆಂಟ್ ಮೂಟೆ ಹಿಡಿದು ಬರುವ ಭಕ್ತರೇ ಜಾಸ್ತಿ ಅಪಾಯ, ಇದು ನನ್ನ ಅಭಿಪ್ರಾಯ.

2000ದ ನಂತರವೇ ದೊಡ್ಡ ಮಟ್ಟದ ದುರಸ್ತಿ ಆಗಿದ್ದು. ಟ್ರಾಂಕ್ವೆಬಾರ್ (ತರಂಗಂಬಾಡಿಗೆ ಯುರೋಪಿನವರ ಹೆಸರು) ಅಸೋಸಿಯೇಷನ್ ಅಂತ ಡೆನ್ಮಾರ್ಕಿನವರ ಒಂದು ಸಂಘ ಇದೆ, ಪುರಾತತ್ವ ಇಲಾಖೆ ಜೊತೆ ಸೇರಿ ಕೋಟೆ ಕೆಲಸಕ್ಕೆ ನೆರವಾಯಿತು. ಹಳೆ ಗವರ್ನರ್ ಬಂಗಲೆಗೆ ಡೆನ್ಮಾರ್ಕಿನ ರಾಷ್ಟ್ರೀಯ ಮ್ಯೂಸಿಯಂ ಕೈಜೋಡಿಸಿತು. ಹಳೆ ಕಲೆಕ್ಟರ್ ಬಂಗಲೆಯನ್ನು ನೀಮ್ರಾಣಾ ಎಂಬ ಹೋಟೆಲ್ ಕಂಪನಿಯವರು ಹೋಟೆಲ್ ಮಾಡಿದರು.

ಅಲೆಮಾರಿ:
ಇಬ್ಬರೂ ಚೆನ್ನಾಗಿ ಬರೆದಿದ್ದೀರಿ, ಆದರೆ ಕೋಟೆ, ಚರ್ಚು, ಬಂಗಲೆ ಬಿಟ್ಟು ಮುಂದೆ ಹೋಗಲೇ ಇಲ್ಲ. "ಉಳಿದಿದೆ" ಅಂತ ನಾವು ಹೇಳುವುದು ಹೆಬ್ಬಾಗಿಲ ಒಳಗಿನ ಬೀದಿಯನ್ನು ಮಾತ್ರ.

ಊರಿನ ಅತಿ ಹಳೆಯ ಕಟ್ಟಡ ಡೇನಿಷರದ್ದಲ್ಲ. ಕಡಲ ಅಂಚಿನಲ್ಲಿರುವ ಮಾಸಿಲಾಮಣಿನಾಥರ್ ದೇವಸ್ಥಾನ 14ನೇ ಶತಮಾನದ ಶುರುವಿನದು, ಪಾಂಡ್ಯ ರಾಜ ಮಾರವರ್ಮನ್ ಕುಲಶೇಖರನ ಕಾಲದ್ದು. ಡೇನಿಷರು ಬರುವ ಹೊತ್ತಿಗೇ ಅದಕ್ಕೆ ಮುನ್ನೂರು ವರ್ಷ ಆಗಿತ್ತು. ಅದರ ಮುಂಭಾಗವನ್ನು ಕಡಲು ಯಾವತ್ತೋ ನುಂಗಿಬಿಟ್ಟಿದೆ. ಕೋಟೆಗೆ ಸಿಕ್ಕಷ್ಟು ಗಮನ ಅದಕ್ಕೆ ಎಷ್ಟೋ ಕಾಲ ಸಿಗಲಿಲ್ಲ. ಡೇನಿಷರಿಗೆ ತಮ್ಮ ಪೂರ್ವಜರ ನೆನಪಿದೆ, ದುಡ್ಡು ಕೊಟ್ಟರು, ಅದರಲ್ಲಿ ತಪ್ಪೇನಿಲ್ಲ. ಆದರೆ ಯಾವುದು ಉಳಿಯುತ್ತದೆ ಅನ್ನುವುದು ಯಾರ ಕೈಯಲ್ಲಿ ದುಡ್ಡಿದೆ ಅನ್ನುವುದರ ಮೇಲೆ ನಿಂತಿದೆ.

ತಮಿಳರ ಮನೆಗಳ ವಿಷಯಕ್ಕೆ ಬಂದರೆ ಸ್ವಲ್ಪ ಸಮಾಧಾನ. ಗೋಲ್ಡ್‌ಸ್ಮಿತ್ ಬೀದಿಯಲ್ಲಿ ಜಗಲಿ, ಮರದ ಕಂಬ, ಒಳಅಂಗಳ ಇರುವ ಸಣ್ಣ ಮನೆಗಳಿವೆ. ಅವುಗಳಲ್ಲಿ ಕೆಲವನ್ನು ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಪಾಂಡಿಚೇರಿ ತಂಡ ಸರಿಮಾಡಿತು. ನನಗೆ ಕೇಳಿದರೆ ಇಡೀ ಊರಲ್ಲಿ ಇದೇ ಮುಖ್ಯವಾದ ಕೆಲಸ.

ಮೀನುಗಾರರದ್ದು ಬೇರೆಯೇ ಲೆಕ್ಕ. ತಾಳೆಗರಿಯ ಗುಡಿಸಲು ಗಾಳಿಗೆ ಹಾರಿದರೆ ಮತ್ತೆ ಕಟ್ಟಬಹುದು, ಕಡಲು ಮುಂದೆ ಬಂದರೆ ಹಿಂದಕ್ಕೆ ಎತ್ತಿಡಬಹುದು, ಅದಕ್ಕೇ ಹಾಗೆ ಕಟ್ಟುತ್ತಿದ್ದರು. ಅದನ್ನು ಯಾರೂ ಪರಂಪರೆ ಅನ್ನಲಿಲ್ಲ. 2004ರ ಡಿಸೆಂಬರ್ 26ರಂದು ಅಲೆ ಬಂದಾಗ ಸತ್ತವರಲ್ಲಿ ಹೆಚ್ಚಿನವರು ಇವರೇ. ಆಮೇಲೆ ಸರ್ಕಾರದ ನಿಯಮ ಬಂತು. ಭರತದ ಗೆರೆಯಿಂದ (ಕಡಲು ಉಬ್ಬಿದಾಗ ನೀರು ತಲುಪುವ ಗೆರೆ) 200 ಮೀಟರ್ ಒಳಗಿದ್ದವರು ಜಾಗ ಬಿಟ್ಟುಕೊಟ್ಟರೆ ದೂರದಲ್ಲಿ ಕಾಂಕ್ರೀಟ್ ಮನೆ, ಅಲ್ಲೇ ಇರುತ್ತೇನೆ ಅಂದರೆ ನೆರವು ಇಲ್ಲ. ಸುರಕ್ಷಿತ ಹೌದು. ಆದರೆ ದೋಣಿ, ಬಲೆ ಕಣ್ಣೆದುರು ಇಲ್ಲದೆ ಆ ಕಸುಬು ಮಾಡುವುದು ಹೇಗೆ ಹೇಳಿ.

ಹಳೇಬೀದಿ:
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ. ಇನ್ನೊಂದು ಪ್ರಶ್ನೆ. ಕೋಟೆ ಮತ್ತು ದೇವಸ್ಥಾನದ ಮುಂದೆ ದೊಡ್ಡ ಬಂಡೆಗಳ ರಾಶಿ ಕಾಣುತ್ತದೆ. ಅದರಿಂದ ಕಡಲು ನಿಂತಿದೆಯಾ?

ಸುಣ್ಣಗಾರೆ:
ಬಂಡೆಯ ಹಿಂದೆ ಇರುವುದಕ್ಕೆ ರಕ್ಷಣೆ ಸಿಗುತ್ತದೆ. ಪಕ್ಕದಲ್ಲಿ ಇರುವುದಕ್ಕೆ ತೊಂದರೆ. ಈ ಕರಾವಳಿಯಲ್ಲಿ ವರ್ಷದ ಹೆಚ್ಚು ಕಾಲ ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಒಂದು ಕಡೆ ಕಲ್ಲು ಹಾಕಿ ಕೊರೆತ ತಡೆದರೆ ಅದರ ಉತ್ತರಕ್ಕೆ ಹೋಗಬೇಕಾದ ಮರಳು ಕಡಿಮೆಯಾಗುತ್ತದೆ, ಕೊರೆತ ಅಲ್ಲಿ ಶುರುವಾಗುತ್ತದೆ.

ಅಲೆಮಾರಿ:
ಜೊತೆಗೆ ಬಂಡೆ ಹಾಕಿದ ಕಡೆ ದೋಣಿ ಎಳೆಯಲು ಆಗುವುದಿಲ್ಲ, ಅದಕ್ಕೆ ಮರಳೇ ಬೇಕು. ಹಾಗಾಗಿ ಕೋಟೆಗೆ ಒಳ್ಳೆಯದಾಗಿದ್ದು ಮೀನುಗಾರರಿಗೂ ಒಳ್ಳೆಯದು ಅಂತ ತಿಳಿಯಬೇಡಿ. ನೋಡಲು ಹೋಗುವುದಾದರೆ ಕೋಟೆಯಲ್ಲೇ ದಿನ ಕಳೆಯಬೇಡಿ, ಗೋಲ್ಡ್‌ಸ್ಮಿತ್ ಬೀದಿಗೂ ಹೋಗಿ. ಅವು ಜನ ವಾಸ ಇರುವ ಮನೆಗಳು, ಜಗಲಿ ಚೆನ್ನಾಗಿದೆ ಅಂತ ಕೇಳದೆ ಹತ್ತಿ ಫೋಟೋ ತೆಗೆಯಬೇಡಿ.