ಸಹಾಯ ಬೇಕು: ಚಿಕ್ಕ ಮಕ್ಕಳೊಂದಿಗೆ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಭೇಟಿ

ಎಲ್ಲರಿಗೂ ನಮಸ್ಕಾರ. ಆರು ವರ್ಷದ ಮಗಳನ್ನೂ ಮೂರು ವರ್ಷದ ಮಗನನ್ನೂ ಕರೆದುಕೊಂಡು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಮುಂದಿನ ತಿಂಗಳು ಹೋಗಬೇಕೆಂದಿದ್ದೇವೆ. ಕಳೆದ ಬಾರಿ ಮಗಳು ಎಂಜಿನ್ ವಿಭಾಗದಲ್ಲಿ ಗುಂಡಿ ಒತ್ತಿ, ಹಲ್ಲಿನ ಚಕ್ರಗಳು ಒಂದನ್ನೊಂದು ತಿರುಗಿಸುವುದನ್ನು ನೋಡುತ್ತ ನಿಂತವಳು ಕದಲಲೇ ಇಲ್ಲ. 1903ರಲ್ಲಿ ಹಾರಿದ ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯ ಬಳಿ ಬರುವಷ್ಟರಲ್ಲಿ ದಣಿದು ನನ್ನ ಹೆಗಲೇರಿದ್ದಳು. ಎಲ್ಲ ಮಹಡಿಗಳನ್ನೂ ಒಂದೇ ದಿನ ಮುಗಿಸಬೇಕೆಂಬ ಹಟ ನಮಗಿಲ್ಲ. ಮಕ್ಕಳು ತಾವೇ ಮುಟ್ಟಿ, ತಿರುಗಿಸಿ ನೋಡುವುದೇ ಮುಖ್ಯ. ಮೂರು ವರ್ಷದವನಿಗೆ ಯಾವ ವಿಭಾಗ ಹಿಡಿಸೀತು, ಅಲ್ಲಾಡುವ ಡೈನೋಸಾರ್ ಕಂಡು ಅವನು ಹೆದರಬಹುದೇ, ಶಾಲಾ ಪ್ರವಾಸಗಳ ಗದ್ದಲವಿಲ್ಲದ ಹೊತ್ತು ಯಾವುದು, ನಡುವೆ ಪಕ್ಕದ ಕಬ್ಬನ್ ಉದ್ಯಾನದಲ್ಲಿ ಓಡಾಡಿಸಿಕೊಂಡು ಬಂದರೆ ಅದೇ ಟಿಕೆಟ್ ನಡೆಯುತ್ತದೆಯೇ ಎಂಬುದನ್ನು ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.